ಸೊಪ್ಪಿನ ಗುಂಡಿಗೆ ಬಿದ್ದ ಸುರಂಗ

ಬೆಂಗಳೂರಿನ ನೆಲದ ಕೆಳಗೆ ರೈಲು ಓಡಿಸಲು ಸುರಂಗ ಕೊರೆದರಲ್ಲ, ಆ ಮಣ್ಣೆಲ್ಲ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಪೂರ್ತಿ ನನಗೂ ಗೊತ್ತಿಲ್ಲ. ಅದರಲ್ಲಿ ಒಂದಿಷ್ಟು ಮಾತ್ರ ಹೊಸಕೋಟೆ ಪಕ್ಕದ ನಮ್ಮೂರಿಗೆ ಬಂದು, ನಮ್ಮ ಮಾವನ ಗುಂಡಿಯಲ್ಲಿ ಬಿತ್ತು. ಬಿದ್ದಿದ್ದೇ ತಡ, ನಮ್ಮ ಮನೆಯಲ್ಲಿ ಅತ್ತೆ ಮಾವ ಮಾತು ಬಿಟ್ಟರು. ಆ ಮಾತನ್ನು ಈ ಕಡೆಯಿಂದ ಆ ಕಡೆಗೆ ಹೊರುವ ಕೆಲಸ ಸೊಸೆಯಾದ ನನ್ನ ತಲೆಗೆ ಬಂತು. ಬೆಂಗಳೂರಿಗೆ ಮೆಟ್ರೊದಿಂದ ಅನುಕೂಲವಾಯಿತು ಅಂತಾರೆ. ಆಗಿರಬಹುದು. ನನಗೆ ಆಗಿದ್ದನ್ನು ಹೇಳುತ್ತೇನೆ.

ಮೊದಲು ಗುಂಡಿಯ ವಿಷಯ. ನಮ್ಮ ಕಡೆ ಹಿಂದೆ ಇಟ್ಟಿಗೆ ಗೂಡುಗಳು ಬಹಳ ಇದ್ದವು. ಮಾವನ ಅಪ್ಪನ ಕಾಲದಲ್ಲಿ ಹೊಲದ ಒಂದು ಭಾಗದ ಮಣ್ಣನ್ನು ಇಟ್ಟಿಗೆಯವರು ಅಗೆದುಕೊಂಡು ಹೋದರು. ಹೊಲ ಇದ್ದ ಕಡೆ ಗುಂಡಿ ಉಳಿಯಿತು. ಮಳೆ ಬಂದರೆ ಕೆರೆ, ಬೇಸಿಗೆಯಲ್ಲಿ ಕೆಸರು, ಯಾವ ಕಾಲದಲ್ಲೂ ಸೊಳ್ಳೆ. ಮಾವ ಅದನ್ನು ನೋಡಿದಾಗಲೆಲ್ಲ ಮುಖ ಕಿವುಚುತ್ತಿದ್ದರು. ಅವರ ಕಣ್ಣಿಗೆ ಅದು ಹಾಳುಬಿದ್ದ ಜಾಗ. ತುಂಬಿಸಿ, ಸಮ ಮಾಡಿ, ಸಾಲಾಗಿ ರೂಮು ಕಟ್ಟಿದರೆ ಪಿಲ್ಲಗುಂಪೆಯ ಫ್ಯಾಕ್ಟರಿಗಳಿಗೆ ಬರುವ ಹುಡುಗರಿಗೆ ಬಾಡಿಗೆಗೆ ಕೊಡಬಹುದು ಅನ್ನುವುದು ಅವರ ಬಹುದಿನದ ಆಸೆ.

ಅತ್ತೆಗೆ ಅದೇ ಗುಂಡಿ ಚಿನ್ನದಂಥ ಜಾಗ. ಅದರ ಅಂಚಿನ ತೇವದಲ್ಲಿ ಹೊನಗೊನೆ ಸೊಪ್ಪು, ಒಂದೆಲಗ, ಕೆಸುವಿನ ಎಲೆ ಹುಲುಸಾಗಿ ಬೆಳೆಯುತ್ತಿದ್ದವು. ಬಿತ್ತಿದ್ದು ಸ್ವಲ್ಪ, ತಾವಾಗಿ ಬಂದಿದ್ದು ಹೆಚ್ಚು. ಅತ್ತೆ ವಾರಕ್ಕೆರಡು ಸಲ ಕೊಯ್ದು, ಕಂತೆ ಕಟ್ಟಿ, ಹೊಸಕೋಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸರಿಗೆ ಕೊಟ್ಟು ಬರುತ್ತಿದ್ದರು. ಕೊಟ್ಟು ಬರುವುದಕ್ಕೆ ಎಷ್ಟು ಹೊತ್ತು ಬೇಕು? ಅತ್ತೆಗೆ ಮಧ್ಯಾಹ್ನದವರೆಗೆ ಬೇಕಾಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು, ಯಾರ ಮನೆಯಲ್ಲಿ ಏನು ನಡೀತು ಅನ್ನುವುದೆಲ್ಲ ತಿಳಿದುಕೊಂಡು, ಹೊಸ ಹುರುಪಿನಲ್ಲಿ ಮನೆಗೆ ಬರುತ್ತಿದ್ದರು. ಸೊಪ್ಪು ಒಂದು ನೆಪ ಅಂತ ನನಗೆ ಅನ್ನಿಸುತ್ತಿತ್ತು. ಆದರೆ ಆ ನೆಪ ಬೆಳೆಯುತ್ತಿದ್ದದ್ದು ಆ ಗುಂಡಿಯಲ್ಲೇ.

ನನ್ನ ನಾದಿನಿಯನ್ನು ಕೊಟ್ಟಿರುವುದು ಮಾಲೂರಿನ ಕಡೆಗೆ. ಅವಳಿಗೆ ಹೆರಿಗೆಯಾದಾಗ ಅತ್ತೆ ಬಾಣಂತನ ಮಾಡಲು ಅಲ್ಲಿಗೆ ಹೋದರು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ಸೊಪ್ಪು ಕೊಯ್ಯುವಾಗ ಬುಡ ಬಿಟ್ಟು ಕೊಯ್ಯಿ. ನಿಮ್ಮ ಮಾವನ ಕೈಗೆ ಮಾತ್ರ ಕುಡುಗೋಲು ಕೊಡಬೇಡ."

ಮಾವನಿಗೆ ಕುಡುಗೋಲಿನ ಅಗತ್ಯವೇ ಬೀಳಲಿಲ್ಲ. ಒಂದು ಬೆಳಗ್ಗೆ ಹಳೇ ಮದ್ರಾಸ್ ರಸ್ತೆಯ ಟೀ ಅಂಗಡಿಗೆ ಹೋದವರು ಅಲ್ಲೊಬ್ಬ ಟಿಪ್ಪರ್ ಡ್ರೈವರ್‌ನನ್ನು ಕಂಡರು. ಲಾರಿಯಿಂದ ಬೂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತಂತೆ. ಇವರಿಗೆ ಕುತೂಹಲ.

"ಏನಪ್ಪಾ ಲೋಡು?"

"ಮೆಟ್ರೊ ಮಣ್ಣು ಯಜಮಾನ್ರೇ. ಒಳಗೆ ಮಿಷನ್ ಕೊರೀತಾ ಇದೆ, ಮಣ್ಣು ಆಚೆ ಬರ್ತಾನೇ ಇದೆ. ಹಾಕೋಕೆ ಜಾಗ ಇಲ್ಲದೆ ಸುತ್ತುತಾ ಇದೀವಿ."

"ನನ್ನ ಹತ್ರ ಜಾಗ ಇದೆ, ತುಂಬೋಕೆ ಮಣ್ಣಿಲ್ಲ!" ಅಂದರಂತೆ ಮಾವ.

ಮನೆಗೆ ಬಂದು ಅದನ್ನು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. "ಅವನಿಗೆ ಗುಂಡಿ ಬೇಕಿತ್ತು, ನನಗೆ ಮಣ್ಣು ಬೇಕಿತ್ತು. ದೇವರೇ ಕರೆದು ಟೀ ಕುಡಿಸಿದ ಹಾಗಾಯ್ತು ಕಣಮ್ಮ!"

"ಅತ್ತೆಗೆ ಒಂದು ಫೋನ್ ಮಾಡಿ ಕೇಳಿ ಮಾವ" ಅಂದೆ.

"ಬಾಣಂತಿ ಮನೆಗೆ ಇಂಥ ವಿಷಯಕ್ಕೆಲ್ಲ ಫೋನ್ ಮಾಡ್ತಾರಾ? ಬಂದ ಮೇಲೆ ನೋಡಲಿ. ಖುಷಿ ಬೀಳ್ತಾಳೆ."

ನನ್ನ ಗಂಡ ತರಕಾರಿ ಟೆಂಪೊ ಓಡಿಸುತ್ತಾರೆ. ಅವರನ್ನು ಕೇಳಿದರೆ, "ಅಪ್ಪನ ಜಮೀನು, ಅಮ್ಮನ ಸೊಪ್ಪು. ಮಧ್ಯ ನಾನ್ಯಾಕೆ ಬಾಯಿ ಹಾಕಲಿ?" ಅಂದು ಟೆಂಪೊ ಹತ್ತಿ ಹೋದರು. ಆ ಮನುಷ್ಯನ ಬುದ್ಧಿ ದೊಡ್ಡದು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಮಾರನೆಯ ದಿನದಿಂದಲೇ ಟಿಪ್ಪರ್‌ಗಳು ಬರತೊಡಗಿದವು. ನಾವು ಎದ್ದು ಬಾಗಿಲು ಸಾರಿಸುವ ಹೊತ್ತಿಗೆ ಒಂದೆರಡು ಲೋಡು ಸುರಿದು ಹೋಗಿರುತ್ತಿದ್ದವು. ಮಣ್ಣು ಅಂದರೆ ನಾನು ಕೆಂಪಗೆ, ಪುಡಿಪುಡಿಯಾಗಿ ಇರುತ್ತೆ ಅಂದುಕೊಂಡಿದ್ದೆ. ಇದು ಕಲಸಿದ ಸಿಮೆಂಟಿನ ಬಣ್ಣ, ಅಂಬಲಿಯ ಹದ. ಅಲ್ಲಲ್ಲಿ ಕಲ್ಲಿನ ಚೂರು. ಎಲ್ಲಕ್ಕಿಂತ ವಿಚಿತ್ರ ಅಂದರೆ ಮೇಲೆಲ್ಲ ಬೆಳ್ಳಗೆ ನೊರೆ! ಕೊರೆಯುವ ಮಿಷನ್ನಿಗೆ ಸಲೀಸಾಗಲಿ ಅಂತ ಅದೇನೋ ನೊರೆ ಬರುವ ನೀರು ಬಿಡುತ್ತಾರಂತೆ. ಊರಿನವರಿಗೆ ಅದೆಲ್ಲ ಗೊತ್ತಿರಲಿಲ್ಲ. ಪಕ್ಕದ ಮನೆಯಜ್ಜಿ ದಡದಲ್ಲಿ ನಿಂತು ನೋಡಿ, "ಬೆಂಗಳೂರಿನೋರು ಮಣ್ಣನ್ನೂ ಸೋಪು ಹಾಕಿ ಒಗೆದು ಕಳಿಸ್ತಾರೇನವ್ವಾ?" ಅಂತ ಕೇಳಿತು.

ಆಮೇಲೆ ಹುಟ್ಟಿದ್ದು ನಿಧಿಯ ಸುದ್ದಿ. ಬೆಂಗಳೂರಿನ ಕೆಳಗೆ ರಾಜರ ಕಾಲದ ಚಿನ್ನ ಇದೆ, ಮಣ್ಣಿನ ಜೊತೆ ಒಂದೋ ಎರಡೋ ನಾಣ್ಯ ಬಂದಿರಲೇಬೇಕು ಅಂತ ಯಾರೋ ಹೇಳಿದರು. ಹೇಳಿದವರು ಯಾರು ಅಂತ ನಾನು ಹುಡುಕಿದೆ, ಎಲ್ಲರೂ ಮಾವನ ಕಡೆ ಬೆರಳು ತೋರಿಸಿದರು. ಸಂಜೆಯಾದರೆ ಸಾಕು, ಕೋಲು, ಗುದ್ದಲಿ, ಮುರುಕು ಸೌಟು ಹಿಡಿದುಕೊಂಡು ಜನ ಬಂದು ಕೆದಕುತ್ತಿದ್ದರು. ಮಾವ ಕಲ್ಲಿನ ಮೇಲೆ ಕೂತು ಉಸ್ತುವಾರಿ ಮಾಡುತ್ತಿದ್ದರು. "ಸಿಕ್ಕಿದ್ದರಲ್ಲಿ ಅರ್ಧ ಜಾಗದ ಯಜಮಾನನಿಗೆ, ಹೇಳಿಬಿಟ್ಟಿದ್ದೀನಿ!" ಕೊನೆಗೆ ಸಿಕ್ಕಿದ್ದು ಒಂದು ದಪ್ಪ ಬೋಲ್ಟು ಮತ್ತೊಂದು ಎಡಗೈ ರಬ್ಬರ್ ಗವಸು. ಗವಸನ್ನು ಅರ್ಧ ಮಾಡುವುದು ಹೇಗೆಂದು ತಿಳಿಯದೆ ಮಾವ ಸಿಕ್ಕಿದವನಿಗೇ ಬಿಟ್ಟುಕೊಟ್ಟರು.

ಗುಂಡಿ ತುಂಬಿತು. ಕೆಸು, ಒಂದೆಲಗ, ಹೊನಗೊನೆ ಎಲ್ಲವೂ ಬೂದು ಅಂಬಲಿಯ ಕೆಳಗೆ ಹೋದವು. ಉಳಿಸೋಣ ಅಂತ ನಾನು ಕೆಸುವಿನ ನಾಲ್ಕಾರು ಗೆಡ್ಡೆ ಕಿತ್ತು ಹಳೇ ಬಕೆಟ್ಟಿನಲ್ಲಿ ನೆಟ್ಟಿದ್ದೆ. ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ಅತ್ತೆ ಮಾಲೂರಿನಿಂದ ಬಂದ ದಿನ ನನಗೆ ವಾರದ ರಜೆ. ಬಸ್ಸಿಳಿದವರು ಮನೆಗೆ ಬಂದು ಬ್ಯಾಗನ್ನು ಜಗುಲಿಯ ಮೇಲಿಟ್ಟು, ನೀರೂ ಕುಡಿಯದೆ ನೇರ ಗುಂಡಿಯ ಕಡೆ ನಡೆದರು. ಹಿಂದೆ ಮಾವ, ಅವರ ಹಿಂದೆ ನಾನು. ಮಾವನ ಮುಖದಲ್ಲಿ ಮದುವೆಮನೆಯ ಕಳೆ. ಗುಂಡಿ ಇದ್ದ ಜಾಗಕ್ಕೆ ಬಂದ ಅತ್ತೆ ನಿಂತರು. ಎಡಗಡೆ ನೋಡಿದರು, ಬಲಗಡೆ ನೋಡಿದರು. ದಾರಿ ತಪ್ಪಿ ಬೇರೆಯವರ ಹೊಲಕ್ಕೆ ಬಂದೆನಾ ಅನ್ನುವ ಹಾಗೆ ದೂರದ ಹುಣಸೆಮರವನ್ನೂ ಒಮ್ಮೆ ನೋಡಿದರು.

"ನನ್ನ ಸೊಪ್ಪು?" ಅಂದರು.

"ಹೇಗಿದೆ?" ಅಂದರು ಮಾವ. "ಮೆಟ್ರೊ ಮಣ್ಣು ಕಣೇ! ವಿಧಾನಸೌಧದ ಕೆಳಗಿನ ಮಣ್ಣೋ ಏನೋ, ಯಾರಿಗೊತ್ತು!"

ಅತ್ತೆ ಅವರ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮ ಮಾವನಿಗೆ ಹೇಳು, ಇವತ್ತಿಂದ ಅವರಿಗೂ ನನಗೂ ಮಾತಿಲ್ಲ" ಅಂದರು.

ಮಾವ ನನ್ನ ಪಕ್ಕದಲ್ಲೇ ನಿಂತಿದ್ದರು. ಆದರೂ ಹೇಳು ಅಂದಿದ್ದಾರಲ್ಲ. "ಮಾವ, ಮಾತಿಲ್ಲವಂತೆ" ಅಂದೆ. ಅಲ್ಲಿಗೆ ನನ್ನ ನೌಕರಿ ಶುರುವಾಯಿತು.

ಎರಡು ದಿನದಲ್ಲಿ ಸರಿಹೋಗುತ್ತೆ ಅಂದುಕೊಂಡಿದ್ದೆ. ಹಬ್ಬ ಕಳೆಯಿತು, ಮಳೆ ಶುರುವಾಯಿತು, ಮಳೆ ನಿಂತಿತು. ಅತ್ತೆಯ ಮೌನ ಹಾಗೇ ಉಳಿಯಿತು. ಮೌನ ಅಂದರೆ ಬಾಯಿ ಮುಚ್ಚಿಕೊಂಡು ಇದ್ದರು ಅಂತಲ್ಲ. ಮೊದಲಿಗಿಂತ ಹೆಚ್ಚೇ ಮಾತಾಡುತ್ತಿದ್ದರು, ಎಲ್ಲವೂ ನನ್ನ ಮೂಲಕ.

ಊಟಕ್ಕೆ ಕೂತಾಗ ಇಬ್ಬರ ನಡುವೆ ಒಂದು ಮಾರು ದೂರ. ಅತ್ತೆ ಮುದ್ದೆಯ ಪಾತ್ರೆ ಹಿಡಿದು ನನ್ನನ್ನು ಕೇಳುವರು: "ಇನ್ನೊಂದು ಮುದ್ದೆ ಬೇಕಾ ಅಂತ ಕೇಳು."

ನಾನು: "ಮಾವ, ಇನ್ನೊಂದು ಮುದ್ದೆ?"

ಮಾವ ಗೋಡೆಯನ್ನು ನೋಡುತ್ತಾ: "ಅರ್ಧ ಸಾಕು ಅಂತ ಹೇಳಮ್ಮ. ಸಾರಿಗೆ ಉಪ್ಪು ಸಾಲದು ಅಂತಾನೂ ಹೇಳು."

ಅತ್ತೆ: "ಬೆಂಗಳೂರಿಂದ ಲೋಡುಗಟ್ಟಲೆ ತರಿಸಿಕೊಳ್ಳೋಕೆ ಹೇಳು."

ಇಂಥದ್ದನ್ನು ಇದ್ದಹಾಗೇ ದಾಟಿಸುವುದು ಹೇಗೆ? "ಉಪ್ಪು ತರಬೇಕಂತೆ ಮಾವ" ಅನ್ನುತ್ತಿದ್ದೆ.

"ಅವಳು ಹಾಗಂದಳಾ? ನಾನೇನು ಕಿವುಡನಾ?" ಅನ್ನುವರು ಮಾವ.

"ಕಿವಿ ಇದ್ದಿದ್ದರೆ ಹೆಂಡತಿ ಮಾತು ಕೇಳ್ತಿದ್ದರು ಅಂತ ಹೇಳು!"

ಒಂದೆರಡು ಸಲ ನನ್ನ ಗಂಡನನ್ನು ಈ ಕೆಲಸಕ್ಕೆ ಕೂರಿಸಿ ನೋಡಿದೆ. ಅವರು ಅಮ್ಮನ ಮಾತಿಗೆ ತಮ್ಮದೂ ಎರಡು ಸೇರಿಸಿ ಅಪ್ಪನಿಗೆ ಮುಟ್ಟಿಸಿದರು. ಬೇಕೆಂದೇ ಹಾಗೆ ಮಾಡಿದರು ಅಂತ ನನಗೆ ಅನುಮಾನ. ಅವತ್ತೇ ಅವರನ್ನು ಕೆಲಸದಿಂದ ತೆಗೆಯಲಾಯಿತು.

ನಾನು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ವಿಭಾಗದವಳು. ಶಿಫ್ಟಿಗೆ ಹೋಗುವಾಗ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಹಾಗಾಗಿ ನಾನು ಮನೆಯಲ್ಲಿಲ್ಲದಾಗ ಇವರಿಬ್ಬರ ಸಂಸಾರ ಹೇಗೆ ನಡೆಯುತ್ತೆ ಅನ್ನುವ ಚಿಂತೆ ನನಗಿತ್ತು. ಪಕ್ಕದ ಮನೆಯಜ್ಜಿ ಹೇಳಿತು. ಆ ಹೊತ್ತಿನಲ್ಲಿ ನಮ್ಮ ಹಸು ನನ್ನ ಜಾಗದಲ್ಲಿ ಕೆಲಸ ಮಾಡುತ್ತಿತ್ತಂತೆ. "ಏ ಕೆಂಪಿ, ಅನ್ನ ಬಡಿಸಿ ಮುಚ್ಚಿಟ್ಟಿದೀನಿ, ತಿನ್ನೋರು ತಿನ್ನಬಹುದು" ಅಂತ ಅತ್ತೆ ಕೊಟ್ಟಿಗೆಯಲ್ಲಿ ನಿಂತು ಕೂಗುವರಂತೆ. "ಕೆಂಪೀ, ಮಜ್ಜಿಗೆ ಎಲ್ಲಿಟ್ಟಿದಾರೆ ಅಂತ ಕೇಳು" ಅಂತ ಮಾವ ಒಳಗಿನಿಂದ. ಹಸು ನನಗಿಂತ ಚೆನ್ನಾಗಿ ನಿಭಾಯಿಸಿತು ಅಂತ ಕಾಣುತ್ತದೆ. ಅದು ಏನನ್ನೂ ತಿದ್ದಿ ಹೇಳುತ್ತಿರಲಿಲ್ಲವಲ್ಲ.

ಈ ನಡುವೆ ಗುಂಡಿಯ ಮಣ್ಣೂ ಮಾವನಿಗೆ ಕೈಕೊಟ್ಟಿತು. ಮಳೆಗೆ ನೆನೆದು ನಡುವೆ ಕುಸಿಯಿತು. ರೂಮು ಕಟ್ಟಲು ಕರೆಸಿದ ಮೇಸ್ತ್ರಿ ಕಾಲಿಟ್ಟ ತಕ್ಷಣ ಮೊಣಕಾಲಿನವರೆಗೆ ಹೂತುಕೊಂಡ. ಅವನನ್ನು ಎಳೆದು ತೆಗೆದೆವು, ಅವನ ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. "ಇನ್ನೂ ಎರಡು ಮೂರು ಮಳೆಗಾಲ ಹೋಗಲಿ ಯಜಮಾನ್ರೇ, ಮಣ್ಣು ಕೂರಲಿ" ಅಂದು ಬರಿಗಾಲಲ್ಲಿ ಹೊರಟುಹೋದ. ಸೊಪ್ಪೂ ಇಲ್ಲ, ರೂಮೂ ಇಲ್ಲ. ಅತ್ತೆ ಅವತ್ತು ಒಂದು ಮಾತೂ ಆಡಲಿಲ್ಲ, ನನ್ನ ಮೂಲಕವೂ ಇಲ್ಲ. ಸಂಜೆ ಪಾಯಸ ಮಾಡಿದರು.

ಹೀಗಿರುವಾಗ ವಿಜಯನಗರದಿಂದ ಕರೆ ಬಂತು. ಅತ್ತೆಯ ತಂಗಿಯ ಮೊಮ್ಮಗುವಿಗೆ ನಾಮಕರಣ. ನನ್ನ ಗಂಡನಿಗೆ ಬಾಡಿಗೆ ಇತ್ತು, ಹಾಗಾಗಿ ನಾವು ಮೂವರೇ ಹೊರಡಬೇಕಾಯಿತು. ಮೂರು ಬಸ್ಸು ಬದಲಾಯಿಸುವ ಬದಲು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದರೆ ನೇರ ವಿಜಯನಗರ ಅಂದೆ. ಮಾವ ಎದ್ದು ನಿಂತೇಬಿಟ್ಟರು.

"ನೆಲದೊಳಗೆ ಹೋಗುತ್ತಾ?"

"ಮಧ್ಯದಲ್ಲಿ ಸ್ವಲ್ಪ ದೂರ ಹೋಗುತ್ತೆ ಮಾವ."

"ಹಾಗಾದ್ರೆ ನಮ್ಮ ಮಣ್ಣು ತೆಗೆದ ತೂತು ನೋಡಿಯೇ ಬಿಡೋಣ!"

ನಮ್ಮ ಗುಂಡಿಗೆ ಬಂದದ್ದು ಬೇರೆ ಹೊಸ ಲೈನಿನ ಮಣ್ಣು, ಈ ಸುರಂಗ ಎಷ್ಟೋ ವರ್ಷದ ಹಿಂದೆಯೇ ಆಗಿದ್ದು ಅನ್ನುವುದು ನನಗೆ ಗೊತ್ತಿತ್ತು. ಆದರೆ ಅಷ್ಟು ದಿನದಿಂದ ಸೋತು ಕೂತಿದ್ದ ಮುಖ ಅರಳಿದ್ದನ್ನು ನೋಡಿ ಹೇಳಲು ಬಾಯಿ ಬರಲಿಲ್ಲ.

ನಾಮಕರಣದ ಬೆಳಗ್ಗೆ ಹೊಸಕೋಟೆಯಿಂದ ಬಸ್ಸು ಹತ್ತಿದೆವು. ಮೂವರ ಸೀಟಿನಲ್ಲಿ ನಾನು ಮಧ್ಯ, ಆಚೆ ಈಚೆ ಅವರು. ಕೆ.ಆರ್. ಪುರದಲ್ಲಿ ಇಳಿದಾಗ ಮಾವ ನೆಲದಲ್ಲಿ ಬಿಲ ಹುಡುಕಿದರು. ನಾನು ಎಸ್ಕಲೇಟರ್ ತೋರಿಸಿದೆ.

"ಇದು ಮೇಲಕ್ಕೆ ಹೋಗ್ತಾ ಇದೆಯಲ್ಲಮ್ಮ?"

"ಮೊದಲು ಮೇಲೆ ಹತ್ತಬೇಕು ಮಾವ, ಆಮೇಲೆ ಕೆಳಗೆ ಹೋಗುತ್ತೆ."

"ಪಾತಾಳಕ್ಕೆ ಹೋಗೋಕೆ ಮಹಡಿ ಹತ್ತಿಸ್ತಾರೆ, ಬೆಂಗಳೂರಿನೋರ ಬುದ್ಧಿ ನೋಡು" ಅಂದರು. ಅತ್ತೆ ಎಸ್ಕಲೇಟರ್‌ನ ಮುಂದೆ ಸೀರೆ ಎತ್ತಿ ಹಿಡಿದು, ಹರಿಯುವ ಹೊಳೆಗೆ ಇಳಿಯುವವರ ಹಾಗೆ ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತೆಗೆದರು. ಕೊನೆಗೆ ಮೆಟ್ಟಿಲು ಹತ್ತಿದೆವು. ಟೋಕನ್ ಕೊಟ್ಟಾಗ ಅತ್ತೆ ಅದನ್ನು ಸೆರಗಿನ ತುದಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿಕೊಂಡರು. ಮಾವ ತಮ್ಮ ಫೋನು, ಕನ್ನಡಕ, ಎಲ್ಲವನ್ನೂ ನನ್ನ ಬ್ಯಾಗಿಗೆ ತುಂಬಿ ಕೈಬೀಸಿಕೊಂಡು ನಡೆದರು.

ರೈಲು ತಣ್ಣಗಿತ್ತು. ಎತ್ತರದಲ್ಲಿ ಓಡುವಾಗ ಮಾವನಿಗೆ ಕಿಟಕಿಯಿಂದ ಕಂಡ ಮನೆಯ ತಾರಸಿ, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು ಯಾವುದೂ ಬೇಕಿರಲಿಲ್ಲ. "ಇನ್ನೂ ಎಷ್ಟು ದೂರ? ಒಳಗೆ ಯಾವಾಗ ಹೋಗುತ್ತೆ?" ಅದೊಂದೇ ಪ್ರಶ್ನೆ. ಎದುರು ಸೀಟಿನ ಕಾಲೇಜು ಹುಡುಗಿಯನ್ನು ತಾವೇ ಮಾತಿಗೆಳೆದು ಹೇಳಿದರು:

"ನೋಡಮ್ಮ, ಈ ಸುರಂಗದ ಮಣ್ಣೆಲ್ಲ ಇರೋದು ನಮ್ಮ ಹೊಲದಲ್ಲಿ."

ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದಳು. "ಯಾವಾಗ ಹಾಕಿದ್ದು ತಾತಾ?"

"ಮೊನ್ನೆ ಮೊನ್ನೆ."

"ಹಾಗಾದ್ರೆ ಅದು ಬೇರೆ ಲೈನ್‌ದು ತಾತಾ. ಇದನ್ನ ನಾನು ಚಿಕ್ಕೋಳಿದ್ದಾಗಲೇ ಮಾಡಿ ಮುಗಿಸಿದಾರೆ."

ನಾನು ಕಣ್ಣು ಮುಚ್ಚಿದೆ. ಮಾವ ಅವಳ ಕಡೆ ಬಾಗಿದರು. "ಭೂಮಿ ಒಂದೇ ಅಲ್ವೇನಮ್ಮ. ಅದರ ಹೊಟ್ಟೆಯೊಳಗೆ ಆ ಲೈನು ಈ ಲೈನು ಅಂತ ಇರುತ್ತಾ?" ಅಂದರು. ಹುಡುಗಿ ನಕ್ಕು, "ಅದೂ ನಿಜ" ಅಂದು ಮತ್ತೆ ಕಿವಿ ಮುಚ್ಚಿಕೊಂಡಳು. ಅತ್ತೆ ನನ್ನ ಕಿವಿಯಲ್ಲಿ, "ಯಾವ ಮಣ್ಣು ಅಂತಲೂ ಗೊತ್ತಿಲ್ಲದೆ ಹಾಕಿಸಿಕೊಂಡಿದ್ದಾರಂತಾ, ಕೇಳು" ಅಂದರು. ನಾನು ಕೇಳಲಿಲ್ಲ.

ಎಂ.ಜಿ. ರಸ್ತೆ ದಾಟಿದ ಮೇಲೆ ರೈಲು ತಲೆ ತಗ್ಗಿಸಿತು. ಬೆಳಕು ಹೋಯಿತು, ಸದ್ದು ಬದಲಾಯಿತು. ಮಾವ ಕಿಟಕಿಗೆ ಹಣೆ ಒತ್ತಿ, ಎರಡೂ ಕೈಯನ್ನು ಕಣ್ಣಿನ ಪಕ್ಕಕ್ಕೆ ಮರೆ ಹಿಡಿದು ನೋಡಿದರು. ಸುರಂಗ ಇದ್ದದ್ದೇನೋ ನಿಜ, ಆದರೆ ಗಾಜಿನಲ್ಲಿ ಕಂಡದ್ದು ಅವರದೇ ಮುಖ.

"ಏನೂ ಕಾಣ್ತಿಲ್ವಲ್ಲಮ್ಮ!"

"ಸುರಂಗ ಅಂದ್ರೆ ಕತ್ತಲೆ ಮಾವ."

"ಮಣ್ಣಾದ್ರೂ ಕಾಣಬೇಕಲ್ಲ!"

ಅಷ್ಟರಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಮಾವ ಏನೋ ನಿರ್ಧರಿಸಿದವರ ಹಾಗೆ ಎದ್ದರು. "ಒಂದ್ನಿಮಿಷ, ಗೋಡೆ ಮುಟ್ಟಿ ನೋಡ್ಕೊಂಡು ಬಂದ್ಬಿಟ್ಟೆ" ಅಂದವರೇ, ಊರಿನ ಬಸ್ಸು ಟೀಗೆ ನಿಂತಾಗ ಇಳಿಯುವ ಹಾಗೆ ಇಳಿದುಬಿಟ್ಟರು.

"ಮಾವ!" ಅಂದೆ ನಾನು. ನನ್ನ ತೊಡೆಯ ಮೇಲೆ ಬ್ಯಾಗು, ಕಾಲ ಕೆಳಗೆ ರಾಗಿ ಹಿಟ್ಟಿನ ಚೀಲ. ಏಳುವುದರೊಳಗೆ ನನ್ನ ಪಕ್ಕದಿಂದ ಒಂದು ಕೂಗು ಎದ್ದಿತು. ಬೋಗಿಯ ತುಂಬ ಜನ ತಿರುಗಿ ನೋಡಿದರು.

"ರೀ! ಎಲ್ಲಿಗ್ರೀ ಹೋಗ್ತೀರಾ! ರೀ! ನಿಲ್ರೀ!"

ಅತ್ತೆ! ಬಾಣಂತನ ಮುಗಿಸಿ ಬಂದ ದಿನದಿಂದ ಕಟ್ಟಿಟ್ಟಿದ್ದ ಮಾತು ಒಂದೇ ಏಟಿಗೆ ಕಟ್ಟೆ ಒಡೆದು ಬಂತು. ಕೂಗುತ್ತಲೇ ಅವರೂ ಇಳಿದು ಓಡಿದರು. ಕೀಂ ಕೀಂ ಅಂತ ಸದ್ದಾಯಿತು, ಬಾಗಿಲು ಮುಚ್ಚಿತು. ಗಾಜಿನಾಚೆ ಅತ್ತೆ ಮಾವನ ಅಂಗಿಯ ತೋಳು ಹಿಡಿದು ನಿಂತಿದ್ದರು. ಮಾವ ನನ್ನ ಕಡೆ ಕೈ ಬೀಸಿದರು, ಬಾ ಅಂತಲೋ ಹೋಗು ಅಂತಲೋ ತಿಳಿಯಲಿಲ್ಲ. ರೈಲು ಹೊರಟಿತು.

ಮಾವನ ಫೋನು ನನ್ನ ಬ್ಯಾಗಿನಲ್ಲಿ, ಅತ್ತೆಯ ಹತ್ತಿರ ಫೋನೇ ಇಲ್ಲ. ಮಾವನ ಕನ್ನಡಕವೂ ನನ್ನಲ್ಲೇ. ಇಬ್ಬರೂ ಗಾಬರಿಯಲ್ಲಿ ಮುಂದೆ ಬಂದ ಯಾವುದೋ ರೈಲು ಹತ್ತಿಬಿಟ್ಟರೆ? ಎದುರಿನ ಹುಡುಗಿ, "ಆಂಟಿ, ಮುಂದಿನ ಸ್ಟೇಷನ್‌ನಲ್ಲಿ ಇಳಿದು ಹಾಗೇ ತಿರುಗಿ ನಿಂತ್ಕೊಳ್ಳಿ, ಆ ಕಡೆ ವಾಪಸ್ ಹೋಗೋದು ಬರುತ್ತೆ" ಅಂದಳು. ವಿಧಾನಸೌಧದ ನಿಲ್ದಾಣದಲ್ಲಿ ಚೀಲ ಎಳೆದುಕೊಂಡು ಇಳಿದೆ. ವಾಪಸ್ ರೈಲು ಬರುವಷ್ಟರಲ್ಲಿ ನಮ್ಮೂರಿನ ಎಲ್ಲ ದೇವರಿಗೂ ಹೇಳಿಕೊಂಡಿದ್ದೆ. ನನ್ನ ಗಂಡನಿಗೆ ಫೋನ್ ಮಾಡಿದರೆ, "ಇಬ್ಬರೂ ಒಟ್ಟಿಗೆ ಕಳೆದುಹೋದರಾ? ಹಾಗಾದ್ರೆ ಒಳ್ಳೇದೇ ಆಯ್ತು ಬಿಡು" ಅಂದರು. ಫೋನ್ ಕಟ್ ಮಾಡಿದೆ.

ಕಬ್ಬನ್ ಪಾರ್ಕಿಗೆ ವಾಪಸ್ ಬಂದು ಇಳಿದಾಗ ಮೊದಲು ಕೇಳಿಸಿದ್ದು ಅತ್ತೆಯ ದನಿ. ಸ್ಟೀಲ್ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಸ್ವಲ್ಪ ದೂರದಲ್ಲಿ ಸೆಕ್ಯೂರಿಟಿಯವನೊಬ್ಬ ಹತ್ತಿರ ಬರಲೋ ಬೇಡವೋ ಎಂದು ನಿಂತಿದ್ದ. ನಾನು ಓಡಿ ಹೋಗಬೇಕಿತ್ತು. ಹೋಗಲಿಲ್ಲ. ಒಂದು ಕಂಬದ ಹಿಂದೆ ಚೀಲ ಇಳಿಸಿ ನಿಂತುಬಿಟ್ಟೆ. ನನ್ನ ಕೈ ದಾಟದೆ ಇಬ್ಬರು ಮಾತಾಡುವುದನ್ನು ಕೇಳಿ ಎಷ್ಟು ಕಾಲವಾಗಿತ್ತು!

"ಟೈಲ್ಸ್ ಅಂಟಿಸಿಬಿಟ್ಟಿದಾರೆ ಕಣೇ" ಅನ್ನುತ್ತಿದ್ದರು ಮಾವ. "ಒಂದು ಹಿಡಿ ಮಣ್ಣೂ ಕಾಣಲ್ಲ."

"ಮಣ್ಣು ನೋಡೋಕೆ ರೈಲಿಂದ ಇಳೀತಾರಾ? ಕಳೆದುಹೋಗಿದ್ರೆ?"

"ಎಲ್ಲಿ ಕಳೆದುಹೋಗ್ತೀನಿ? ಇಲ್ಲಿರೋದು ಎರಡೇ ದಾರಿ. ಬಂದ ಕಡೆ, ಹೋಗೋ ಕಡೆ."

"ಬೆಳಗಾದ್ರೆ ಮನೆ ತುಂಬ ಇರೋ ಮಣ್ಣು ಸಾಲದಾ ನಿಮಗೆ? ಅಲ್ಲ, ನನ್ನ ಒಂದು ಮಾತು ಕೇಳಬಹುದಾಗಿತ್ತಲ್ಲ?"

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅನ್ನೋಕೇ ಕೇಳಬೇಕು ರೀ!"

ಒಂದು ರೈಲು ಬಂದು ನಿಂತು ಹೋಯಿತು. ಆ ಗಾಳಿಗೆ ಅತ್ತೆಯ ಸೆರಗು ಹಾರಿತು, ಸರಿಮಾಡಿಕೊಂಡರು. ಮಾವ ದನಿ ಇಳಿಸಿ ಅಂದರು:

"ಹೋದ ವರ್ಷ ಮಳೆಗಾಲದಲ್ಲಿ ಆ ಗುಂಡಿ ಅಂಚಲ್ಲಿ ಜಾರಿ ಬಿದ್ದೆಯಲ್ಲ. ಮೊಣಕಾಲು ಊದಿಕೊಂಡು ಮಂಚ ಹಿಡಿದಿದ್ದೆ. ಅವತ್ತೇ ಅಂದ್ಕೊಂಡೆ, ಈ ಗುಂಡಿ ಇರಬಾರದು ಅಂತ."

ರೂಮಿನ ಬಾಡಿಗೆಯ ಮಾತು ಬಿಟ್ಟು ಬೇರೆ ಯಾವ ಕಾರಣವನ್ನೂ ಅವರು ಅಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಅದು ಮೊದಲಿಂದ ಮನಸ್ಸಿನಲ್ಲಿದ್ದದ್ದೋ, ಆ ಬೆಂಚಿನ ಮೇಲೆ ಆ ಗಳಿಗೆಯಲ್ಲಿ ಹೊಳೆದದ್ದೋ ನನಗೆ ಇವತ್ತಿಗೂ ತಿಳಿಯದು. ಅತ್ತೆಗೂ ಅನುಮಾನ ಬಂದಿರಬೇಕು. ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಬಿದ್ದಿದ್ದು ನಾನು. ಗುಂಡಿಗ್ಯಾಕೆ ಶಿಕ್ಷೆ?" ಅಂದರು. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

"ತಪ್ಪಾಯ್ತು ಅಂತ ಇಟ್ಕೋ."

"ಇಟ್ಕೊಳ್ಳೋದಲ್ಲ, ಹೇಳಿ."

"ತಪ್ಪಾಯ್ತು. ಸರಿನಾ? ಈಗ ಆ ಹುಡುಗಿ ಎಲ್ಲಿ ಹೋದಳು ಅಂತ ನೋಡಬೇಡವಾ?"

ಹುಡುಗಿ ಅಂದರೆ ನಾನು. ಇನ್ನು ನಿಲ್ಲುವುದು ಚೆನ್ನಲ್ಲ ಅಂತ ಕಂಬದ ಹಿಂದಿನಿಂದ ಏದುಸಿರು ಬಿಡುತ್ತಾ ಬಂದೆ. ಓಡಿ ಬಂದವಳ ಹಾಗೆ ಕಾಣಲು ಎರಡು ಸಲ ಜೋರಾಗಿ ಉಸಿರೂ ಎಳೆದುಕೊಂಡೆ. ಅತ್ತೆ ನನ್ನನ್ನು ಕಂಡದ್ದೇ, "ನಮ್ಮನ್ನ ಬಿಟ್ಟು ಎಲ್ಲಿಗೆ ಹೋಗಿದ್ದೆ?" ಅಂತ ಬೈದರು. ಮಾವನೂ, "ಹೇಳದೆ ಕೇಳದೆ ಹೋಗಿಬಿಡೋದೇನಮ್ಮ?" ಅಂದರು. ಗಂಡಹೆಂಡತಿ ಒಂದಾದರು ಅನ್ನುವುದು ನನಗೆ ಖಾತ್ರಿಯಾದದ್ದು ಆಗಲೇ.

ಮುಂದಿನ ರೈಲಿನಲ್ಲಿ ನಾನು ಅತ್ತೆಯ ಸೀರೆ, ಮಾವನ ಅಂಗಿ ಎರಡನ್ನೂ ಹಿಡಿದುಕೊಂಡು ಕೂತೆ. ಮೆಜೆಸ್ಟಿಕ್ ಬಂದಾಗ ಮಾವ ಬಾಗಿಲಿನ ಕಡೆ ನೋಡಿದರು. "ಅಲ್ಲಾಡಬೇಡಿ" ಅಂದರು ಅತ್ತೆ. ಅಲ್ಲಾಡಲಿಲ್ಲ.

ವಿಜಯನಗರದಲ್ಲಿ ಹೊರಗೆ ಹೋಗುವಾಗ ಟೋಕನ್ ಹಾಕಬೇಕಲ್ಲ. ಅತ್ತೆಯ ಸೆರಗಿನ ಗಂಟು ಬಿಚ್ಚಲೇ ಇಲ್ಲ. ಪ್ಲಾಟ್‌ಫಾರ್ಮಿನ ಗಲಾಟೆಯಲ್ಲಿ ಎಳೆದೆಳೆದು ಕಲ್ಲಿನಂತಾಗಿತ್ತು. ಅವರು ಉಗುರಿನಿಂದ ಕಿತ್ತರು, ನಾನು ಹೇರ್‌ಪಿನ್ ತೂರಿಸಿದೆ. ಹಿಂದೆ ಜನರ ಸಾಲು ಬೆಳೆಯಿತು. ಆಫೀಸಿನವರ ಹಾಗಿದ್ದ ಒಬ್ಬರು ಗಡಿಯಾರ ನೋಡಿಕೊಂಡು ಸದ್ದು ಮಾಡಿ ಉಸಿರುಬಿಟ್ಟರು. "ಕೊಡು ಇಲ್ಲಿ" ಅಂದ ಮಾವ ಸೆರಗಿನ ತುದಿಯನ್ನು ಬಾಯಿಗಿಟ್ಟು, ಇರುವ ಹಲ್ಲಿನಲ್ಲೇ ಕಚ್ಚಿ ಎಳೆದರು. ಅಷ್ಟು ಜನರ ಮುಂದೆ ಅತ್ತೆಗೆ ನಾಚಿಕೆಯಾಗಿ, "ಬಿಡ್ರೀ, ಬಿಡ್ರೀ" ಅನ್ನುತ್ತಾ ನಕ್ಕುಬಿಟ್ಟರು. ಟೋಕನ್ ಟಕ್ ಅಂತ ನೆಲಕ್ಕೆ ಬಿದ್ದು ಉರುಳಿತು. ಎತ್ತಿಕೊಟ್ಟದ್ದು ಅದೇ ಗಡಿಯಾರದವರು.

ನಾಮಕರಣದ ಮನೆ ತಲುಪುವಷ್ಟರಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು, ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ಎಲೆಯ ಮುಂದೆ ನೆಂಟರೆಲ್ಲ, "ಮೆಟ್ರೊದಲ್ಲಿ ಬಂದ್ರಾ? ಸುರಂಗ ಹೇಗಿತ್ತು?" ಅಂತ ಮಾವನನ್ನು ಕೇಳಿದರು.

"ಕತ್ತಲೆ" ಅಂದರು ಮಾವ. ಸ್ವಲ್ಪ ಯೋಚಿಸಿ, "ಆದ್ರೆ ಒಳ್ಳೇ ಕತ್ತಲೆ. ತಣ್ಣಗಿದೆ" ಅಂದರು. ಅತ್ತೆ ಒಬ್ಬಟ್ಟು ಬಡಿಸುತ್ತಿದ್ದವರನ್ನು ಕರೆದು, "ಅವರಿಗೆ ಒಂದೇ ಸಾಕು, ಸಕ್ಕರೆ ಕಾಯಿಲೆ ಇದೆ" ಅಂತ ನೇರವಾಗಿ ಹೇಳಿದರು. ಮಾವ ನನ್ನ ಕಡೆ ನೋಡಿದರು. ನಾನು ನನ್ನ ಎಲೆ ನೋಡಿಕೊಂಡೆ. ಆ ಕೆಲಸ ಬಿಟ್ಟಾಗಿತ್ತು ನಾನು.

ಆಮೇಲೆ ಏನಾಯಿತು ಅಂದರೆ, ಗುಂಡಿಯ ತಗ್ಗಿನ ಮೂಲೆಯನ್ನು ಅತ್ತೆಗೆ ಬಿಟ್ಟುಕೊಡುವುದು ಅಂತಾಯಿತು. ಮೊದಲು ಹಾಕಿದ ಹೊನಗೊನೆ ಕಡ್ಡಿಗಳು ಆ ಬೂದು ಮಣ್ಣಿನಲ್ಲಿ ಬಾಡಿ ಸತ್ತವು. ಅತ್ತೆ ಕಣ್ಣು ಕೆಂಪು ಮಾಡಿದ್ದನ್ನು ಕಂಡು, ಮಾವ ನನ್ನ ಗಂಡನ ಟೆಂಪೊದಲ್ಲಿ ಕೆರೆಯ ಗೋಡು ಮಣ್ಣು ಹೊರಿಸಿ ತಂದು ಮೇಲೆ ಹರಡಿಸಿದರು. ಈ ಸಲ ಯಾವ ಕೆರೆಯದು, ಎಷ್ಟು ತರಬೇಕು, ಎಲ್ಲಿ ಹಾಕಬೇಕು ಅಂತ ಎಲ್ಲವನ್ನೂ ಕೇಳಿಯೇ ತಂದರು. ಎಷ್ಟು ಕೇಳಿದರು ಅಂದರೆ, "ಒಂದು ಸಲ ಕೇಳಿದ್ರೆ ಸಾಕು ರೀ!" ಅಂತ ಅತ್ತೆ ಕೈಮುಗಿದರು. ನಾನು ಬಕೆಟ್ಟಿನಲ್ಲಿ ಉಳಿಸಿದ್ದ ಕೆಸು ಅಲ್ಲಿ ಹತ್ತಿಕೊಂಡಿತು, ಹೊನಗೊನೆಯೂ ಬಂತು. ಅತ್ತೆ ಮತ್ತೆ ಮಾರ್ಕೆಟ್ಟಿಗೆ ಹೊರಟರು.

ಉಳಿದ ಜಾಗ ಇನ್ನೂ ಕೂರುತ್ತಲೇ ಇದೆ. ರೂಮು ಇಲ್ಲ. ಮೇಲ್ಪದರ ಒಣಗಿ ಗಟ್ಟಿಯಾಗಿರುವುದರಿಂದ ಊರಿನ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ. 'ಮೆಟ್ರೊ ಗ್ರೌಂಡ್' ಅಂತ ಹೆಸರಿಟ್ಟಿದ್ದಾರೆ. ಮಾವ ಅದಕ್ಕೆ ತಾವೇ ಅಧ್ಯಕ್ಷರು ಅಂದುಕೊಂಡು ದಿನಾ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಚೆಂಡು ಆಗಾಗ ಸೊಪ್ಪಿನ ಮೂಲೆಗೆ ಬೀಳುತ್ತದೆ. ಬಿದ್ದ ಚೆಂಡನ್ನು ಅತ್ತೆ ಬುಟ್ಟಿಯಲ್ಲಿಟ್ಟು ಮೇಲೆ ಸೊಪ್ಪು ಮುಚ್ಚುತ್ತಾರೆ. ಮೊನ್ನೆ ನಾನು ಕೆಲಸದಿಂದ ಬರುವಾಗ ಬ್ಯಾಟು ಹಿಡಿದ ಹುಡುಗರೆಲ್ಲ ಮಾವನನ್ನು ಮುಂದೆ ಬಿಟ್ಟುಕೊಂಡು ಅತ್ತೆಯೆದುರು ನಿಂತಿದ್ದರು.

"ಲೇ, ಚೆಂಡು ಕೊಡೇ. ಹುಡುಗರು ಕಾಯ್ತಾ ಇದಾರೆ."

"ಸೊಪ್ಪು ತುಳಿದಿದ್ದಾರೆ. ಕೊಡಲ್ಲ."

"ಇನ್ಮೇಲೆ ತುಳಿಯಲ್ಲ ಅಂತಾರೆ."

"ನೀವು ಹೇಳ್ತಾ ಇದೀರಾ, ಅವರು ಹೇಳ್ತಾ ಇದಾರಾ?"

ನನ್ನನ್ನು ಕಂಡ ಮಾವನಿಗೆ ಆಸೆ ಹುಟ್ಟಿತು. "ನೀನಾದ್ರೂ ಹೇಳಮ್ಮ" ಅಂದರು.

ನಾನು ಟಿಫಿನ್ ಡಬ್ಬಿ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, "ನೀವೇ ಹೇಳಿ ಮಾವ, ಪಕ್ಕದಲ್ಲೇ ಇದಾರೆ" ಅಂದು ಮನೆಯ ಕಡೆ ನಡೆದೆ.